ಡೊಳ್ಳು ಹೊತ್ತವರ ಬೆನ್ನು

ನಮ್ಮ ಯಗಟಿ ಕಡೆ ಡೊಳ್ಳಿನವರನ್ನು ನಡಿಗೆಯಲ್ಲೇ ಗುರುತು ಹಿಡಿಯಬಹುದು. ಅರವತ್ತು ದಾಟಿದವರಾದರೆ ಎದೆ ಹಿಂದಕ್ಕೆ, ಹೊಟ್ಟೆ ಮುಂದಕ್ಕೆ, ಬಲಹೆಗಲು ಎಡಹೆಗಲಿಗಿಂತ ಒಂದು ಬೆರಳು ಕೆಳಕ್ಕೆ. ಎಡಗೈಯ ಅಂಗೈ ಮುಟ್ಟಿದರೆ ಒಣಗಿದ ತೊಗಲು ಸಿಗುತ್ತದೆ. ಕೂತವರು ಏಳುವಾಗ ಎರಡೂ ಕೈಯನ್ನು ಮೊಣಕಾಲಿಗೆ ಊರಿ, ಒಂದು ಗಳಿಗೆ ಹಾಗೇ ನಿಂತು, ಆಮೇಲೆ ಹೆಜ್ಜೆ ಎತ್ತುತ್ತಾರೆ. ಏನಾಯಿತು ಅಂತ ಕೇಳಿದರೆ, "ಏನಿಲ್ಲ, ವಾಯು ಹಿಡ್ಕಂಡೈತೆ" ಎಂದು ಮಾತು ಮುಗಿಸುತ್ತಾರೆ.

ನಮ್ಮದು ಹಾಲುಮತದ, ಅಂದರೆ ಕುರುಬರ ಮನೆ. ಅಟ್ಟದ ತೊಲೆಗೆ ಎರಡು ಡೊಳ್ಳು ಸದಾ ತೂಗುಬಿದ್ದಿರುತ್ತಿದ್ದವು. ದೊಡ್ಡಪ್ಪ ತಂಡದ ಮುಂದಾಳು, ಅಪ್ಪ ಅವರ ಪಕ್ಕದಾಳು. ನಾನೂ ಹುಡುಗನಾಗಿದ್ದಾಗಲೇ ಡೊಳ್ಳು ಕಟ್ಟಿಕೊಂಡವನು. ಆಮೇಲೆ ಓದಿ ಪ್ರೌಢಶಾಲೆಯ ದೈಹಿಕ ಶಿಕ್ಷಣ ಶಿಕ್ಷಕನಾದೆ. ಮಕ್ಕಳಿಗೆ ಕಬಡ್ಡಿ, ಉದ್ದ ಜಿಗಿತ ಕಲಿಸುತ್ತ, ಮೈ ಎಲ್ಲಿ ಭಾರ ತಡೆಯುತ್ತದೆ, ಎಲ್ಲಿ ಸೋಲುತ್ತದೆ ಎಂದು ನೋಡುವುದೇ ನನ್ನ ಉದ್ಯೋಗವಾಯಿತು. ಮನೆಯಲ್ಲಿ ಕಲಿತದ್ದನ್ನೂ ಮೈದಾನದಲ್ಲಿ ಕಲಿತದ್ದನ್ನೂ ಜೊತೆಗಿಟ್ಟು ನೋಡಿದ ಮೇಲೆ ಒಂದು ಮಾತು ಹೇಳಬೇಕೆನಿಸಿದೆ. ಡೊಳ್ಳನ್ನು ಮೈ ಕೆಡದಂತೆ ಹೊರುವ ಕ್ರಮ ನಮ್ಮ ಹಿರಿಯರಿಗೆ ಗೊತ್ತಿತ್ತು. ಕಲೆ ಗುಡಿಯ ಅಂಗಳದಿಂದ ವೇದಿಕೆಗೆ, ಮೆರವಣಿಗೆಗೆ ಬಂದ ಈ ಐವತ್ತು ವರ್ಷಗಳಲ್ಲಿ ತಾಳ ಉಳಿಯಿತು, ಆ ಕ್ರಮ ತಪ್ಪಿತು. ಇವತ್ತಿನ ನೋವಿನ ಬೇರು ಅಲ್ಲಿದೆ.

ಯಗಟಿ ಕಡೂರು ತಾಲ್ಲೂಕಿನ ಒಂದು ಹೋಬಳಿ. ಪಡುವಣ ದಿಕ್ಕಿನ ಬಾಬಾಬುಡನ್ ಗಿರಿಸಾಲು ಮಳೆಯನ್ನು ತಡೆದು, ಮಿಕ್ಕಿದ್ದನ್ನು ನಮ್ಮ ಬಯಲಿಗೆ ಬಿಡುತ್ತದೆ. ರಾಗಿ, ಹುರುಳಿ, ತೆಂಗು, ಕುರಿ ಇವೇ ಇಲ್ಲಿಯ ಬದುಕು. 1947ರವರೆಗೂ ಇಡೀ ಚಿಕ್ಕಮಗಳೂರು ಜಿಲ್ಲೆಗೆ ಕಡೂರು ಜಿಲ್ಲೆ ಎಂದೇ ಹೆಸರಿತ್ತು. ಬೀರೂರು, ಅಜ್ಜಂಪುರದ ಕಾವಲುಗಳಲ್ಲಿ ಅಮೃತಮಹಲ್ ದನ ಮೇದರೆ, ಬಯಲಿನಲ್ಲಿ ಕುರಿಮಂದೆ ತಿರುಗುತ್ತಿದ್ದವು. ಕುರಿ ಇದ್ದಲ್ಲಿ ಕಂಬಳಿ, ಕಂಬಳಿ ಇದ್ದಲ್ಲಿ ಬೀರಪ್ಪ, ಬೀರಪ್ಪನಿದ್ದಲ್ಲಿ ಡೊಳ್ಳು.

ಡೊಳ್ಳು ಹುಟ್ಟಿದ ಕಥೆಯನ್ನು ನಮ್ಮಲ್ಲಿ ಹೀಗೆ ಹೇಳುತ್ತಾರೆ. ಡೊಳ್ಳಾಸುರನೆಂಬ ರಾಕ್ಷಸ ತಪಸ್ಸು ಮಾಡಿ ಶಿವನನ್ನು ಒಲಿಸಿಕೊಂಡ. ನೀನು ನನ್ನ ಹೊಟ್ಟೆಯಲ್ಲೇ ಇರಬೇಕೆಂದು ವರ ಕೇಳಿ ಶಿವನನ್ನು ನುಂಗಿದ. ಒಳಗೆ ಶಿವ ಬೆಳೆಯತೊಡಗಿದ. ಅಸುರನಿಗೆ ಆ ಭಾರ ತಾಳಲಿಲ್ಲ. ಬಿಡುಗಡೆ ಮಾಡು ಎಂದು ಅಂಗಲಾಚಿದಾಗ ಶಿವ ಅವನನ್ನು ಕೊಂದು ಹೊರಬಂದು, ಅವನ ತೊಗಲನ್ನೇ ಬಿಗಿದು ಡೊಳ್ಳು ಮಾಡಿ ಹಾಲುಮತದವರ ಕೈಗೆ ಕೊಟ್ಟ. ಭಾರ ತಾಳಲಾರದ ಒಂದು ದೇಹದಿಂದ ಹುಟ್ಟಿದ ವಾದ್ಯ ಇದು. ಕಥೆ ಕಟ್ಟಿದ ಹಿರಿಯರಿಗೆ ಡೊಳ್ಳಿನ ತೂಕ ಎಂಥದೆಂದು ಚೆನ್ನಾಗಿ ಗೊತ್ತಿತ್ತು ಅಂತಲೇ ನನ್ನ ನಂಬಿಕೆ.

ಆ ತೂಕ ಎಲ್ಲಿಂದ ಬರುತ್ತದೆ ಎಂದು ಹೇಳಿಬಿಡುತ್ತೇನೆ. ಡೊಳ್ಳಿನ ಗೂಡನ್ನು ಮರದ ದಿಮ್ಮಿ ಕೊರೆದು ಮಾಡುತ್ತಾರೆ. ಹೊನ್ನೆ, ಮಾವು, ಊರಲ್ಲಿ ಸಿಕ್ಕ ಬೇರೆ ಗಟ್ಟಿ ಮರ ಯಾವುದಾದರೂ ಆದೀತು. ಎರಡು ಬಾಯಿಗೂ ಆಡು, ಕುರಿಯ ಹದ ಮಾಡಿದ ಚರ್ಮ ಕಟ್ಟಿ, ಹುರಿಯಿಂದ ಎಳೆದು ಬಿಗಿಯುತ್ತಾರೆ. ಬಲಬಾಯಿಗೆ ಕೋಲಿನ ಪೆಟ್ಟು, ಎಡಬಾಯಿಗೆ ಅಂಗೈ ಪೆಟ್ಟು. ಥಂಡಿಗೆ ಚರ್ಮ ಸಡಿಲವಾದರೆ ಬೆಂಕಿಗೆ ಹಿಡಿದು ಬಿಸಿ ಮಾಡಬೇಕು. ನಾನು ತಕ್ಕಡಿಗೆ ಹಾಕಿ ನೋಡಿದ ಹಳೆಯ ಡೊಳ್ಳುಗಳು 10 ಕಿಲೋಗೆ ಕಡಿಮೆ ಇರಲಿಲ್ಲ. ದೊಡ್ಡಪ್ಪನ ಡೊಳ್ಳು ಹದಿನೈದರ ಹತ್ತಿರ ತೂಗಿತು. ಇದನ್ನು ಕೊರಳಿಗೆ, ಸೊಂಟಕ್ಕೆ ಬಿಗಿದುಕೊಂಡು ಹೊಟ್ಟೆಯ ಮುಂದೆ ಅಡ್ಡಲಾಗಿ ತಡೆದು, ಕುಣಿಯುತ್ತ ಬಾರಿಸಬೇಕು.

ಚರ್ಮವಾದ್ಯವನ್ನು ಮೈಗೆ ಕಟ್ಟಿಕೊಂಡು ನಿಂತು ಬಾರಿಸುವುದು ಈ ನಾಡಿನಲ್ಲಿ ಎಷ್ಟು ಹಳೆಯದು ಎಂದು ತಿಳಿಯಲು ದೂರ ಹೋಗಬೇಕಿಲ್ಲ. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ಮದನಿಕೆಯರನ್ನು ನೋಡಲು ಎಲ್ಲರೂ ಕತ್ತೆತ್ತುತ್ತಾರೆ. ಅವರ ಕಾಲಬುಡದಲ್ಲಿ ಗೇಣುದ್ದದ ವಾದ್ಯಗಾರರಿದ್ದಾರೆ, ಅವರ ಮೇಲೆ ಕಣ್ಣು ಬೀಳುವುದು ಕಡಿಮೆ. ಮದ್ದಳೆಯನ್ನು ಪಟ್ಟಿಯಿಂದ ಮೈಗೆ ಬಿಗಿದುಕೊಂಡು, ಮೊಣಕಾಲು ಮಡಿಸಿ ಹೊರಕ್ಕೆ ತಿರುಗಿಸಿ, ಕುಂಡಿ ತಗ್ಗಿಸಿ ನಿಂತಿದ್ದಾರೆ. ನಾಟ್ಯದವರು ಅರೆಮಂಡಿ ಎನ್ನುವ ನಿಲುವು ಅದು. ನಮ್ಮ ತರೀಕೆರೆ ಸೀಮೆಯ ಅಮೃತಾಪುರದಲ್ಲಿ 1196ರ ಅಮೃತೇಶ್ವರ ದೇವಾಲಯವಿದೆ. ಅದರ ಶಾಸನವನ್ನು ರಚಿಸಿದವನು ಕವಿ ಜನ್ನ. ಆ ಶಾಸನವನ್ನು ನೋಡಲು ವಿದ್ವಾಂಸರು ಬರುತ್ತಾರೆ, ಬರಬೇಕಾದದ್ದೇ. ಆದರೆ ಹೊಯ್ಸಳರ ಗುಡಿಗಳಲ್ಲಿ ಹೊತ್ತು ಹೊತ್ತಿಗೆ ಮದ್ದಳೆ ಬಾರಿಸಿ ಸೇವೆ ಸಲ್ಲಿಸಿದವರ ಮಂಡಿ, ಸೊಂಟ ಹೇಗಿದ್ದವೆಂದು ಕೇಳಿದರೆ ಉತ್ತರ ಇರುವುದು ಅಕ್ಷರದಲ್ಲಲ್ಲ, ಆ ಪುಟ್ಟ ವಿಗ್ರಹಗಳ ನಿಲುವಿನಲ್ಲಿ.

ದೊಡ್ಡಪ್ಪ ಬೇಲೂರಿಗೆ ಹೋದವರಲ್ಲ. ಹೊಸಬರಿಗೆ ಅವರು ಕಲಿಸುತ್ತಿದ್ದದ್ದು ಮಾತ್ರ ಅದೇ ನಿಲುವು. "ಡೊಳ್ಳು ಹೊರಾಕೆ ಬೆನ್ನು ಬ್ಯಾಡ ಕಣ್ಲಾ ಮಗ, ತೊಡೆ ಬೇಕು" ಅನ್ನುತ್ತಿದ್ದರು. ಮೊದಲ ವರ್ಷ ಹುಡುಗರ ಕೈಗೆ ಡೊಳ್ಳು ಕೊಡುತ್ತಲೇ ಇರಲಿಲ್ಲ. ತಾಳ ಕೊಡುತ್ತಿದ್ದರು. ಕಣದಲ್ಲಿ ಮಂಡಿ ಮಡಿಸಿ ಹೆಜ್ಜೆ ಹಾಕಿಸುತ್ತಿದ್ದರು. ಬೆನ್ನು ಹಿಂದಕ್ಕೆ ಬಾಗಿದರೆ ಕೋಲಿನ ತುದಿಯಿಂದ ಸೊಂಟಕ್ಕೆ ಮೆಲ್ಲಗೆ ಕುಟ್ಟುತ್ತಿದ್ದರು. ತೊಡೆ ನಡುಗುವುದು ನಿಂತ ಮೇಲೆಯೇ ಡೊಳ್ಳು ಕಟ್ಟುವ ಅಪ್ಪಣೆ.

ಇದರ ಹಿಂದಿನ ಲೆಕ್ಕ ನನಗೆ ತಿಳಿದದ್ದು ಬಹಳ ತಡವಾಗಿ, ದೈಹಿಕ ಶಿಕ್ಷಣದ ತರಬೇತಿಯಲ್ಲಿ. 12 ಕಿಲೋ ಡೊಳ್ಳು, ಅದರ ತೂಕದ ನಡು ಬೆನ್ನುಮೂಳೆಯಿಂದ 30 ಸೆಂಟಿಮೀಟರ್ ಮುಂದೆ ಇದೆ ಎಂದಿಟ್ಟುಕೊಳ್ಳಿ. ಮೈ ಮುಂದಕ್ಕೆ ಮುಗ್ಗರಿಸದಂತೆ ಹಿಂದಿನಿಂದ ಎಳೆದು ಹಿಡಿಯುವ ಬೆನ್ನಿನ ಸ್ನಾಯುಗಳು ಮೂಳೆಯಿಂದ ಸುಮಾರು 5 ಸೆಂಟಿಮೀಟರ್ ದೂರದಲ್ಲಿವೆ. ಆರು ಪಟ್ಟು ದೂರದ ಭಾರಕ್ಕೆ ಆರು ಪಟ್ಟು ಎಳೆತ ಬೇಕು. 12 ಕಿಲೋ ಡೊಳ್ಳಿಗೆ ಬೆನ್ನು 72 ಕಿಲೋದಷ್ಟು ಎಳೆತ ಕೊಡಬೇಕಾಗುತ್ತದೆ. ಬಾವಿಯಿಂದ ಸೇದಿದ ತುಂಬಿದ ಕೊಡವನ್ನು ಸೊಂಟಕ್ಕೆ ಒತ್ತಿ ಹಿಡಿದಾಗ ಹಗುರ, ಕೈ ಚಾಚಿ ಹಿಡಿದಾಗ ಹೊರಲಾಗದಷ್ಟು ಭಾರ ಅನ್ನಿಸುವುದೂ ಇದೇ ಕಾರಣಕ್ಕೆ. ಈ ಎಳೆತದಿಂದ ತಪ್ಪಿಸಿಕೊಳ್ಳಲು ಕಲಿಯದವನು ತಾನಾಗಿ ಹಿಂದಕ್ಕೆ ವಾಲುತ್ತಾನೆ. ಆಗ ಸೊಂಟದ ಬಾಗು ಹೆಚ್ಚಿ, ಬೆನ್ನುಮೂಳೆಯ ಹಿಂಬದಿಯ ಕೀಲುಗಳು ಒಂದರ ಮೇಲೊಂದು ಒತ್ತಿ ಉಜ್ಜುತ್ತವೆ. ಮಂಡಿ ಮಡಿಸಿ ಕುಂಡಿ ತಗ್ಗಿಸಿದರೆ ಆ ಬಾಗು ಕಡಿಮೆಯಾಗುತ್ತದೆ, ಡೊಳ್ಳು ಮೈಗೆ ಅಂಟುತ್ತದೆ, ಜಿಗಿದು ಇಳಿಯುವ ಪೆಟ್ಟನ್ನು ತೊಡೆ ನುಂಗಿಕೊಳ್ಳುತ್ತದೆ. ಕಲ್ಲುಕುಟಿಗನ ಉಳಿ ತೋರಿಸಿದ್ದನ್ನು, ದೊಡ್ಡಪ್ಪನ ಕೋಲು ಕಲಿಸಿದ್ದನ್ನು ಪುಸ್ತಕವೂ ಹೇಳಿತು.

ಕಂಬಳಿಯ ಮಾತನ್ನೂ ಇಲ್ಲೇ ಹೇಳಬೇಕು. ಹಳೆಯ ಡೊಳ್ಳಿನವರು ಸೊಂಟಕ್ಕೆ ಕರಿಕಂಬಳಿಯನ್ನು ಮಡಿಸಿ ಬಿಗಿಯಾಗಿ ಸುತ್ತುತ್ತಿದ್ದರು. ನೋಡಿದವರಿಗೆ ಅದು ಜಾತಿಯ ಗುರುತು, ವೇಷದ ಭಾಗ. ಕಟ್ಟಿಕೊಂಡವನಿಗೆ ಅದು ಸೊಂಟದ ಪಟ್ಟಿ. ಹೊಟ್ಟೆಯನ್ನು ಒಳಕ್ಕೆ ಒತ್ತಿ ಬೆನ್ನಿಗೆ ಆಸರೆ ಕೊಡುತ್ತಿತ್ತು, ಡೊಳ್ಳಿನ ಅಂಚು ಹೊಟ್ಟೆಗೆ ಕೊರೆಯದಂತೆ ಮೆತ್ತೆಯೂ ಆಗುತ್ತಿತ್ತು.

ಆಗಿನ ಬಾರಿಸುವಿಕೆಗೂ ವರ್ಷದ ಲೆಕ್ಕವಿತ್ತು. ಬೀರಪ್ಪನ ಹಬ್ಬ, ಯುಗಾದಿ, ಊರ ಮಲ್ಲಿಕಾರ್ಜುನಸ್ವಾಮಿಯ ತೇರು, ಅಂತರಘಟ್ಟೆ ದುರ್ಗಮ್ಮನ ಜಾತ್ರೆಗೆ ಪಾನಕದ ಬಂಡಿ ಹೊರಡುವ ದಿನ, ಬೀರೂರಿನ ಮಹಾನವಮಿ ಬಯಲಿನಲ್ಲಿ ಮೈಲಾರಲಿಂಗನ ಕಾರ್ಣಿಕ. ಒಂದು ಸೇವೆಗೂ ಇನ್ನೊಂದಕ್ಕೂ ನಡುವೆ ವಾರಗಳೇ ಕಳೆಯುತ್ತಿದ್ದವು. ಇಡೀ ರಾತ್ರಿ ಬಾರಿಸಿದರೂ ಒಬ್ಬನೇ ಇಡೀ ರಾತ್ರಿ ಹೊರುತ್ತಿರಲಿಲ್ಲ. ಡೊಳ್ಳು ಹತ್ತು, ಆಳು ಇಪ್ಪತ್ತು. ಒಬ್ಬ ಇಳಿಸಿದರೆ ಇನ್ನೊಬ್ಬ ಕಟ್ಟಿಕೊಳ್ಳುವನು. ನಡುನಡುವೆ ಡೊಳ್ಳಿನ ಪದ ಹಾಡುವಾಗ ಬಾರಿಸುವ ಕೈ ತಣಿಯುತ್ತಿತ್ತು. ಕುಣಿಯುವ ನೆಲ ಕಣದ ಮಣ್ಣು, ಕೆರೆಯಂಗಳ, ಗುಡಿಯ ಮುಂದಿನ ಮರಳು.

ಮಾರನೆಯ ದಿನ ಮನೆಯ ಹೆಂಗಸರ ಕೆಲಸ. ದೊಡ್ಡಮ್ಮ ಹಂಡೆಗೆ ಲಕ್ಕಿಸೊಪ್ಪು ಹಾಕಿ ನೀರು ಕಾಯಿಸುತ್ತಿದ್ದರು. ಹರಳೆಣ್ಣೆ ಹಚ್ಚಿ, ಉಪ್ಪನ್ನು ಹುರಿದು ಬಟ್ಟೆಯಲ್ಲಿ ಕಟ್ಟಿ ಸೊಂಟಕ್ಕೆ ಶಾಖ ಕೊಟ್ಟು, ಬಿಸಿನೀರು ಹುಯ್ಯುತ್ತಿದ್ದರು. ಸೊಂಟ ಉಳುಕಿದ್ದರೆ ಕಾಲು ಮುಂದಾಗಿ ಹುಟ್ಟಿದವರನ್ನು ಹುಡುಕಿ ಕರೆತಂದು ತುಳಿಸುತ್ತಿದ್ದರು. ಅದರಲ್ಲಿ ನಂಬಿಕೆ ಎಷ್ಟು, ಮದ್ದು ಎಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ. ಆದರೆ ಡೊಳ್ಳು ಇಳಿಸಿದವನ ಮೈಗೆ ಆರೈಕೆ ಬೇಕು ಎಂಬ ಅರಿವು ಮನೆಮಂದಿಗೆಲ್ಲ ಇತ್ತು. ಆ ಕಾಲವೆಲ್ಲ ಸುಖವಾಗಿತ್ತು ಎಂದು ಹೇಳುತ್ತಿಲ್ಲ. ಅಂಡವಾಯು ಬಂದು ವೈದ್ಯರ ಮುಖ ನೋಡದೆ ನರಳಿದವರಿದ್ದರು. ಹೊಲದ ಕೆಲಸ, ಕುರಿಯ ಹಿಂದಿನ ತಿರುಗಾಟ ಎಲ್ಲ ಸೇರಿ ಐವತ್ತಕ್ಕೇ ಮುದುಕರಾದವರಿದ್ದರು. ಕ್ರಮವಿತ್ತು, ಚಿಕಿತ್ಸೆ ಇರಲಿಲ್ಲ. ಈಗ ಕಡೂರಿನವರೆಗೆ ಹೋದರೆ ಚಿಕಿತ್ಸೆ ಇದೆ, ಕ್ರಮ ಹೋಗಿದೆ.

ನಿಂತು ಬಾರಿಸುವವರು, ಕೂತು ಬಾರಿಸುವವರು ಎಂಬ ವಿಂಗಡಣೆ ನಮ್ಮ ಸಂಗೀತದ ಚರಿತ್ರೆಯಲ್ಲಿ ಬರೀ ವಾದ್ಯದ ಗಾತ್ರದಿಂದ ಆದದ್ದಲ್ಲ. ಕೂರುವ ಹಕ್ಕು ಯಾರಿಗಿತ್ತು ಎಂಬುದೂ ಅದರಲ್ಲಿದೆ. ಭರತನಾಟ್ಯದ ಹಿಂದಿನ ರೂಪವಾದ ಸದಿರಿನ ಕಾಲದಲ್ಲಿ ಮದ್ದಳೆಯವರು, ಮುಖವೀಣೆಯವರು ನರ್ತಕಿಯ ಬೆನ್ನ ಹಿಂದೆ ನಿಂತು, ಅವಳು ಮುಂದೆ ಬಂದರೆ ತಾವೂ ಬಂದು, ಹಿಂದೆ ಸರಿದರೆ ತಾವೂ ಸರಿದು ನುಡಿಸುತ್ತಿದ್ದರು. ಉತ್ತರದಲ್ಲಿ ಸಾರಂಗಿ, ತಬಲಾಗಳನ್ನು ಸೊಂಟಕ್ಕೆ ಕಟ್ಟಿಕೊಂಡು ನಿಂತವರನ್ನು ಕಂಪನಿ ಕಾಲದ ಚಿತ್ರಗಳಲ್ಲಿ ಕಾಣಬಹುದು. ನಾಗಸ್ವರದವರು ಮದುವೆಯಲ್ಲಿ, ಉತ್ಸವದಲ್ಲಿ ನಿಂತೇ ಊದಬೇಕಿತ್ತು. ತಮಿಳುನಾಡಿನ ತಿರುವಾವಡುತುರೈಯ ಟಿ.ಎನ್. ರಾಜರತ್ನಂ ಪಿಳ್ಳೆ (1898–1956) ಹಟ ಹಿಡಿದು, ಗಾಯಕರಂತೆ ವೇದಿಕೆಯ ಮೇಲೆ ಕೂತು ನುಡಿಸುವ ಗೌರವವನ್ನು ನಾಗಸ್ವರಕ್ಕೆ ತಂದುಕೊಟ್ಟರು. ನಮ್ಮ ಊರುಗಳ ಓಲಗದವರಿಗೆ, ತಮಟೆಯವರಿಗೆ ಅಂಥ ಒಬ್ಬರು ಸಿಗಲಿಲ್ಲ. ಅವರು ಇವತ್ತಿಗೂ ನಿಂತೇ ಇದ್ದಾರೆ. ಕಾಲುನೋವಿನ ಚರಿತ್ರೆ ಬರೆಯಹೊರಟರೆ ಜಾತಿಯ ಚರಿತ್ರೆಯನ್ನೂ ಬರೆಯಲೇಬೇಕು.

ಕೂತು ನುಡಿಸಿದವರಿಗೆ ನೋವಿಲ್ಲ ಎಂದಲ್ಲ. ವೀಣೆಯವರ ಎಡಗೈ ಬೆರಳುಗಳಲ್ಲಿ ತಂತಿ ಕೊರೆದ ಗೆರೆಗಳಿರುತ್ತವೆ. ಗಂಟೆಗಟ್ಟಲೆ ಚಕ್ಕಳಮಕ್ಕಳ ಹಾಕಿ ಕೂತವರಿಗೆ ಮಂಡಿ ಹಿಡಿಯುತ್ತದೆ. ಪಿಟೀಲಿನವರ ಕತ್ತು ಒಂದು ಕಡೆಗೇ ಸೋತಿರುತ್ತದೆ. ಪಿಟೀಲು ಚೌಡಯ್ಯನವರ ಉದಾಹರಣೆ ನನಗೆ ತುಂಬ ಮುಖ್ಯ ಅನ್ನಿಸುತ್ತದೆ. ಮೈಕು ಇಲ್ಲದ ಕಾಲದಲ್ಲಿ ದೊಡ್ಡ ಸಭೆಯ ಕೊನೆಯ ಸಾಲಿಗೆ ನಾದ ಮುಟ್ಟುತ್ತಿರಲಿಲ್ಲ. ಚೌಡಯ್ಯನವರು 1927ರ ಸುಮಾರಿಗೆ ನಾಲ್ಕು ತಂತಿಗೆ ಇನ್ನು ಮೂರು ಸೇರಿಸಿ ಏಳು ತಂತಿಯ ಪಿಟೀಲು ತಂದರು. ತೋಳಿನ ಮೇಲೆ ಭಾರ ಹೇರುವ ಬದಲು ವಾದ್ಯವನ್ನೇ ತಿದ್ದಿದರು. ಸಂಪ್ರದಾಯದ ವಾದ್ಯವನ್ನು ಮುಟ್ಟಬಾರದೆಂದು ಅವರು ಕೂತಿದ್ದರೆ ಅಂಥ ನಾದ ನಮಗೆ ಸಿಗುತ್ತಿರಲಿಲ್ಲ.

ಡೊಳ್ಳಿನ ಬದುಕು ಬದಲಾದದ್ದು ಸ್ವಾತಂತ್ರ್ಯದ ನಂತರ, ಮೆಲ್ಲಗೆ. 1954 ಮತ್ತು 1955ರ ಇನಾಮು ರದ್ದತಿ ಕಾನೂನುಗಳು, 1961ರ ಗ್ರಾಮಾಧಿಕಾರ ರದ್ದತಿ ಕಾನೂನು ಊರಿನ ಹಳೆಯ ಸೇವೆ-ಭೂಮಿಯ ನಂಟನ್ನು ಕಡಿದವು. ಆ ನಂಟಿನಲ್ಲಿ ಅನ್ಯಾಯ ಬೇಕಾದಷ್ಟಿತ್ತು, ಅದು ಹೋದದ್ದು ಒಳ್ಳೆಯದೇ. ಆದರೆ ಅದರ ಜಾಗಕ್ಕೆ ಬಂದದ್ದು ದಿನಗೂಲಿ. ದೇವರ ಸೇವೆಗೆ ರಾಗಿ, ಅಕ್ಕಿ, ಒಂದು ಹೊತ್ತಿನ ಊಟ ಪಡೆಯುತ್ತಿದ್ದ ಡೊಳ್ಳಿನವರಿಗೂ ಕಾರ್ಯಕ್ರಮಕ್ಕೆ ಇಷ್ಟು ಎಂಬ ಲೆಕ್ಕ ಶುರುವಾಯಿತು. ಎಷ್ಟು ಕಾರ್ಯಕ್ರಮವೋ ಅಷ್ಟು ಅನ್ನ.

1970ರ ದಶಕದಲ್ಲಿ ಮೈಸೂರು ದಸರಾ ಸರ್ಕಾರದ ಹಬ್ಬವಾಯಿತು. 1979ರಲ್ಲಿ ಎಚ್.ಎಲ್. ನಾಗೇಗೌಡರು ಕರ್ನಾಟಕ ಜಾನಪದ ಪರಿಷತ್ತನ್ನು ಕಟ್ಟಿದರು. ನಮ್ಮ ಸೀಮೆಯ ಗೊ.ರು. ಚನ್ನಬಸಪ್ಪನವರಂಥವರು ಹಳ್ಳಿಗಳಿಗೆ ಬಂದು ಹಾಡು, ಕುಣಿತಗಳನ್ನು ಬರೆದುಕೊಂಡರು. ಅಕಾಡೆಮಿ ಬಂತು, ಪ್ರಶಸ್ತಿ ಬಂತು, ಡೊಳ್ಳಿನವರಿಗೆ ಊರಾಚೆ ಹೆಸರು ಬಂತು. ಇವರೆಲ್ಲರ ಋಣ ನಮ್ಮ ಮೇಲಿದೆ. ಅವರು ಬರದೇ ಹೋಗಿದ್ದರೆ ನಮ್ಮ ಎಷ್ಟೋ ವರಸೆಗಳು ಅಟ್ಟದ ಮೇಲೇ ಸಾಯುತ್ತಿದ್ದವು. ಆದರೆ ವರಸೆಯ ಜೊತೆಗೆ ಅದನ್ನು ಹೊತ್ತ ಮೈಯ ಕ್ರಮವನ್ನೂ ಬರೆದಿಡುವ ಕೆಲಸ ಆಗಬೇಕಾದಷ್ಟು ಆಗಲಿಲ್ಲ. ಉಡುಪು, ಹೆಜ್ಜೆ, ತಾಳ, ಕಥೆ ಇವು ಪುಸ್ತಕ ಸೇರಿದವು. ಮೊದಲ ವರ್ಷ ತಾಳ ಮಾತ್ರ ಕೊಡುವುದು ಯಾಕೆ, ಹತ್ತು ಡೊಳ್ಳಿಗೆ ಇಪ್ಪತ್ತು ಆಳು ಯಾಕೆ, ಕಂಬಳಿ ಯಾಕೆ ಎಂಬುದು ಉಳಿದುಹೋಯಿತು.

ವೇದಿಕೆಗೆ ಹತ್ತು ನಿಮಿಷದಲ್ಲಿ ಮುಗಿಯುವ ಕುಣಿತ ಬೇಕು. ನಿಧಾನದ ವರಸೆಗಳಿಗೆ ಅಲ್ಲಿ ಜಾಗವಿಲ್ಲ. ಮೊದಲ ಪೆಟ್ಟಿನಿಂದಲೇ ವೇಗ. ಚಪ್ಪಾಳೆ ಬೀಳುವುದು ಜಿಗಿತಕ್ಕೆ, ಒಬ್ಬರ ಹೆಗಲ ಮೇಲೆ ಒಬ್ಬರು ಡೊಳ್ಳು ಸಮೇತ ಹತ್ತಿ ನಿಲ್ಲುವ ಗೋಪುರಕ್ಕೆ. ಕೆಳಗೆ ನಿಂತವನ ಮೇಲೆ ಅವನ ಡೊಳ್ಳು, ಮೇಲಿನವನ ಮೈ, ಮೇಲಿನವನ ಡೊಳ್ಳು. ನೋಡುವವರಿಗೆ ಅದು ಒಂದು ಗಳಿಗೆಯ ಬೆರಗು. ಕೆಳಗಿನವನ ಬೆನ್ನುಮೂಳೆಯ ಬಿಲ್ಲೆಗಳಿಗೆ ಜೀವಮಾನದ ಏಟು.

ಮೆರವಣಿಗೆಯ ಕಥೆ ಬೇರೆ. ಮೈಸೂರು ದಸರೆಯಲ್ಲಿ ಅರಮನೆಯಿಂದ ಬನ್ನಿಮಂಟಪಕ್ಕೆ ಸುಮಾರು 5 ಕಿಲೋಮೀಟರ್. ಸಾಲಿಗೆ ನಿಂತು ಕಾಯುವ ಹೊತ್ತು ಬೇರೆ. ಕಾಯುವಾಗ ಡೊಳ್ಳು ಇಳಿಸಿದರೆ ಸಾಲು ಹೊರಟಾಗ ಹಿಂದೆ ಬೀಳುತ್ತೇವೆಂದು ಕಟ್ಟಿಕೊಂಡೇ ನಿಲ್ಲುತ್ತಾರೆ. ಆಮೇಲೆ ಡಾಂಬರಿನ ಮೇಲೆ ಬರಿಗಾಲಿನ ಕುಣಿತ. ಮಣ್ಣು ಇಳಿಯುವ ಪಾದಕ್ಕೆ ಒಂದಿಷ್ಟು ತಗ್ಗಿ ಜಾಗ ಕೊಡುತ್ತದೆ, ಡಾಂಬರು ಕೊಡುವುದಿಲ್ಲ. ಹಿಮ್ಮಡಿಗೆ ಬಿದ್ದ ಪೆಟ್ಟು ಮಂಡಿಗೆ, ಮಂಡಿಯಿಂದ ಸೊಂಟಕ್ಕೆ ಏರುತ್ತದೆ. ದಸರಾ ಮುಗಿದರೆ ರಾಜ್ಯೋತ್ಸವ, ಗಣಪತಿ ವಿಸರ್ಜನೆ, ಮದುವೆ, ಚುನಾವಣೆಯ ಮೆರವಣಿಗೆ. ಹಿಂದೆ ಡಿಜೆ ಬಂಡಿ ಬಂದರೆ ಡೊಳ್ಳಿನ ಸದ್ದು ಕೇಳಿಸಬೇಕೆಂದು ಹುಡುಗರು ಇನ್ನೂ ಜೋರಾಗಿ ಬಡಿಯುತ್ತಾರೆ. ಕಿವಿಗೂ ಪೆಟ್ಟು, ಹೆಗಲಿಗೂ ಪೆಟ್ಟು. ಹಣ ಆಳಿನ ಲೆಕ್ಕದಲ್ಲಿ ಹಂಚಿಹೋಗುತ್ತದೆಂದು ಬದಲಿ ಆಳುಗಳನ್ನು ಯಾರೂ ಕರೆದೊಯ್ಯುವುದಿಲ್ಲ. ಟೆಂಪೋದಲ್ಲಿ ಡೊಳ್ಳುಗಳ ಸಂದಿಯಲ್ಲಿ ಮುದುರಿ ರಾತ್ರಿಯೆಲ್ಲ ಪ್ರಯಾಣ, ಬೆಳಗ್ಗೆ ಇನ್ನೊಂದು ಊರು. ಕಂಬಳಿಯ ಜಾಗಕ್ಕೆ ಹೊಳೆಯುವ ಬಟ್ಟೆ ಬಂದಿದೆ. ಚರ್ಮದ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ, ಕಬ್ಬಿಣದ ಬಳೆ, ನಟ್ಟು ಬೋಲ್ಟು ಬಂದಿವೆ. ಮಳೆಯಲ್ಲೂ ಬಾರಿಸಬಹುದು, ನಿಜ. ಆದರೆ ಚರ್ಮ ಅಂಗೈಯ ಪೆಟ್ಟನ್ನು ತಾನು ಸ್ವಲ್ಪ ತೆಗೆದುಕೊಳ್ಳುತ್ತಿತ್ತು. ಬಿಗಿದ ಪ್ಲಾಸ್ಟಿಕ್ ಅದನ್ನು ಮಣಿಕಟ್ಟಿಗೇ ವಾಪಸು ಕಳಿಸುತ್ತದೆ.

ಈಗ ಹೆಣ್ಣುಮಕ್ಕಳ ತಂಡಗಳೂ ಎದ್ದಿವೆ. ಅವರು ಡೊಳ್ಳು ಕಟ್ಟಿ ಕುಣಿಯುವುದನ್ನು ನೋಡಿದಾಗ ನನ್ನ ಎದೆ ತುಂಬುತ್ತದೆ. ದೊಡ್ಡಮ್ಮನ ಕಾಲದಲ್ಲಿ ಹೆಂಗಸರು ಡೊಳ್ಳಿನವರ ಬೆನ್ನು ತಿಕ್ಕಿದರೇ ಹೊರತು ಡೊಳ್ಳು ಮುಟ್ಟಲಿಲ್ಲ. ಆದರೆ ಗಂಡಸರ ಎದೆಯಳತೆಗೆ ಕೊರೆದ ಅದೇ ಡೊಳ್ಳನ್ನು ನಲವತ್ತೈದು ಕಿಲೋ ತೂಗುವ ಹುಡುಗಿಯ ಕೊರಳಿಗೆ ಹಾಕಿ, ಎರಡು ವಾರ ತಾಲೀಮು ಮಾಡಿಸಿ ವೇದಿಕೆಗೆ ಏರಿಸುವುದು ಸರಿಯಲ್ಲ. ಅವಳ ಅಳತೆಗೆ ಡೊಳ್ಳು ಮಾಡಿಸಬೇಕು. ಅವಳಿಗೂ ಮೊದಲು ತೊಡೆ ಗಟ್ಟಿ ಮಾಡಿಸಬೇಕು.

ಹೊರಗಿನ ಲೋಕ ಈ ವಿಷಯದಲ್ಲಿ ಏನು ಮಾಡಿದೆ ಎಂದು ನೋಡಿದರೆ ಕಲಿಯುವುದು ಬಹಳವಿದೆ. ಇಟಲಿಯ ವೈದ್ಯ ಬರ್ನಾರ್ಡಿನೊ ರಾಮಜ್ಜಿನಿ 1700ರಲ್ಲಿ ಕಸುಬುದಾರರ ಕಾಯಿಲೆಗಳ ಬಗ್ಗೆ ಒಂದು ದೊಡ್ಡ ಗ್ರಂಥ ಬರೆದ. ಕುಂಬಾರರು, ಗಣಿಯವರು, ಅಗಸರ ಜೊತೆಗೆ ಹಾಡುಗಾರರ, ಊದುವ ವಾದ್ಯದವರ ಮೈಬಾಧೆಗಳೂ ಅದರಲ್ಲಿವೆ. ರೋಗಿಯನ್ನು ಕೇಳಬೇಕಾದ ಹಳೆಯ ಪ್ರಶ್ನೆಗಳಿಗೆ ಇನ್ನೊಂದನ್ನು ಸೇರಿಸಿ, ನಿನ್ನ ಕಸುಬು ಏನು ಎಂದು ಕೇಳಿ ಎಂದು ವೈದ್ಯರಿಗೆ ಹೇಳಿದವನು ಅವನು. 1830ರ ದಶಕದಲ್ಲಿ ಜರ್ಮನಿಯ ರಾಬರ್ಟ್ ಶೂಮನ್ ಬಲಗೈ ಬೆರಳು ಕೆಟ್ಟು ಪಿಯಾನೋ ವಾದಕನಾಗುವ ಆಸೆ ಬಿಟ್ಟು ಸಂಗೀತ ರಚನೆಗೆ ತಿರುಗಿದ. 1974ರಲ್ಲಿ ಅಮೆರಿಕದ ವೈದ್ಯರು, ಬರಿಗೈಯಲ್ಲಿ ಕಾಂಗಾ ಡೋಲು ಬಾರಿಸಿದವರ ಮೂತ್ರ ಕೆಂಪಾಗುವುದು ಅಂಗೈಯ ಪೆಟ್ಟಿಗೆ ರಕ್ತಕಣ, ಸ್ನಾಯು ಒಡೆಯುವುದರಿಂದ ಎಂದು ವರದಿ ಮಾಡಿದರು. ಅದನ್ನು ಓದಿದಾಗ ನನಗೆ ನಮ್ಮವರ ನೆನಪಾಯಿತು. ಜಾತ್ರೆಯ ಮಾರನೆಯ ದಿನ "ಉಷ್ಣ ಆಗೈತೆ" ಎಂದು ಮಜ್ಜಿಗೆ ಕುಡಿದು ಮಲಗುತ್ತಿದ್ದವರಲ್ಲಿ ಕೆಲವರಿಗೆ ಆದದ್ದು ಇದೇ ಇರಬಹುದು.

ಅಮೆರಿಕದ ದೊಡ್ಡ ವಾದ್ಯವೃಂದಗಳ ಎರಡು ಸಾವಿರಕ್ಕೂ ಹೆಚ್ಚು ಕಲಾವಿದರನ್ನು 1980ರ ದಶಕದಲ್ಲಿ ವಿಚಾರಿಸಿದಾಗ, ನುಡಿಸುವುದಕ್ಕೆ ಅಡ್ಡಿಯಾಗುವಂಥ ಒಂದಾದರೂ ಬಾಧೆ ಇದೆ ಎಂದವರು ನೂರಕ್ಕೆ 76 ಮಂದಿ. ಒಳ್ಳೆಯ ಸಂಬಳ, ಕುರ್ಚಿ, ಬಿಸಿ ಮಾಡಿದ ಸಭಾಂಗಣ ಇರುವವರ ಮಾತು ಇದು. ಆ ದಶಕದಲ್ಲಿ ಅಲ್ಲಿ ನೋವು ಹೇಳಿಕೊಳ್ಳುವ ನಾಚಿಕೆ ಮುರಿಯಿತು. 1989ರಲ್ಲಿ ಕಲಾವಿದರ ವೈದ್ಯಕ್ಕೆಂದೇ ಒಂದು ಸಂಘ ಹುಟ್ಟಿತು, ಅವರಿಗೆಂದೇ ಚಿಕಿತ್ಸಾಲಯಗಳು ಬಂದವು. ನೋವು ಕಲಾವಿದನ ಸೋಲಲ್ಲ, ಕಸುಬಿನ ಕಾಯಿಲೆ ಎಂದು ಒಪ್ಪಿಕೊಂಡದ್ದೇ ಅಲ್ಲಿಯ ದೊಡ್ಡ ಬದಲಾವಣೆ.

ನಮ್ಮಲ್ಲಿ ಆ ಒಪ್ಪಿಗೆ ಇನ್ನೂ ಆಗಿಲ್ಲ. ಡೊಳ್ಳಿನ ಕಥೆಯ ಕನ್ನಡ ಚಿತ್ರ 'ಡೊಳ್ಳು' 2022ರಲ್ಲಿ ರಾಷ್ಟ್ರಪ್ರಶಸ್ತಿ ಪಡೆಯಿತು, ನಾವೆಲ್ಲ ಹೆಮ್ಮೆಪಟ್ಟೆವು. ವಯಸ್ಸಾದ ಕಲಾವಿದರಿಗೆ ಸರ್ಕಾರದ ಮಾಸಾಶನವೂ ಇದೆ. ಅದು ಮೈ ಸೋತ ಮೇಲಿನ ಮಾತು. ಮೈ ಸೋಲದಂತೆ ನೋಡಿಕೊಳ್ಳುವ ಏರ್ಪಾಡು ಮೊದಲು ಬೇಕು.

ಏನು ಮಾಡಬಹುದೆಂದು ಕೇಳಿದರೆ ನನ್ನ ಉತ್ತರಗಳು ದೊಡ್ಡವಲ್ಲ. ಡೊಳ್ಳಿನ ಗೂಡನ್ನು ಹಗುರ ಮರದಲ್ಲಿ ಮಾಡಿ. ಚೌಡಯ್ಯನವರು ಪಿಟೀಲಿಗೆ ಮಾಡಿದ್ದು ಪಾಪವಾಗದಿದ್ದರೆ ಇದೂ ಪಾಪವಲ್ಲ, ಬೀರಪ್ಪ ಮುನಿಯುವುದಿಲ್ಲ. ಕೊರಳಿನ ಹಗ್ಗದ ಬದಲು ಎರಡೂ ಹೆಗಲಿಗೆ ಭಾರ ಹಂಚುವ ಅಗಲದ ಪಟ್ಟಿ ಹಾಕಿ. ಸೊಂಟಕ್ಕೆ ಕಂಬಳಿ ಮರಳಿ ಬರಲಿ. ಮಂಡಿ ಮಡಿಸುವುದನ್ನು ಕಲಿಸದೆ ಯಾರ ಕೊರಳಿಗೂ ಡೊಳ್ಳು ಹಾಕಬೇಡಿ. ಹೆಗಲ ಮೇಲೆ ಹತ್ತಿ ನಿಲ್ಲುವ ಗೋಪುರವನ್ನು ಸ್ಪರ್ಧೆಗಳ ತೀರ್ಪುಗಾರರು ಅಂಕಪಟ್ಟಿಯಿಂದ ತೆಗೆಯಲಿ. ತಂಡ ಕರೆಸುವವರು ಹತ್ತು ಡೊಳ್ಳಿಗೆ ಹದಿನೈದು ಆಳಿನ ಸಂಭಾವನೆ ಕೊಡಲಿ, ಮೆರವಣಿಗೆಯಲ್ಲಿ ಡೊಳ್ಳು ಇಳಿಸಿ ನಿಲ್ಲಲು ಜಾಗ, ಹೊತ್ತು ಕೊಡಲಿ. ಸಂಸ್ಕೃತಿ ಇಲಾಖೆ ನಡೆಸುವ ಪ್ರತಿ ತರಬೇತಿ ಶಿಬಿರದಲ್ಲಿ ಒಬ್ಬ ಫಿಜಿಯೋಥೆರಪಿಸ್ಟ್ ಇರಲಿ. ಬಯಲುಸೀಮೆಯ ಹಳೆಯ ಡೊಳ್ಳಿನವರು ಇನ್ನೂ ಇದ್ದಾರೆ. ಅವರು ಹೇಗೆ ಕಟ್ಟುತ್ತಿದ್ದರು, ಹೇಗೆ ನಿಲ್ಲುತ್ತಿದ್ದರು, ಯಾವಾಗ ಇಳಿಸುತ್ತಿದ್ದರು ಎಂಬುದನ್ನು ಜಾನಪದದ ವಿದ್ಯಾರ್ಥಿಗಳು ತಾಳದಷ್ಟೇ ಶ್ರದ್ಧೆಯಿಂದ ಬರೆದುಕೊಳ್ಳಲಿ. ತಡಮಾಡಿದರೆ ಹೇಳುವವರು ಉಳಿಯುವುದಿಲ್ಲ.

ಕೊನೆಯ ಮಾತು ಡೊಳ್ಳಿನ ಹುಡುಗರಿಗೆ ಮತ್ತು ವೈದ್ಯರಿಗೆ. ಆಸ್ಪತ್ರೆಯ ಚೀಟಿಯಲ್ಲಿ ಕಸುಬು ಎಂಬಲ್ಲಿ ನಮ್ಮವರು ವ್ಯವಸಾಯ ಎಂದು ಬರೆಸುತ್ತಾರೆ, ಇಲ್ಲವೇ ಕೂಲಿ ಎನ್ನುತ್ತಾರೆ. ವೈದ್ಯರು ಹೊಲದ ಕೆಲಸದ ನೋವೆಂದು ಮಾತ್ರೆ ಬರೆದು ಕಳಿಸುತ್ತಾರೆ. ಮುಂದಿನ ವಾರ ಅದೇ ಸೊಂಟಕ್ಕೆ ಮತ್ತೆ ಡೊಳ್ಳು ಬೀಳುತ್ತದೆ. ಹುಡುಗರೇ, ನಾಚಿಕೊಳ್ಳದೆ "ಡೊಳ್ಳು ಬಾರಿಸ್ತೀನಿ ಸಾರ್" ಎಂದು ಹೇಳಿ. ವೈದ್ಯರೇ, ಅವರು ಹೇಳದಿದ್ದರೂ ನೀವು ಕೇಳಿ. ರಾಮಜ್ಜಿನಿ ಮುನ್ನೂರು ವರ್ಷದ ಹಿಂದೆ ಕೇಳಲು ಹೇಳಿದ ಆ ಒಂದು ಪ್ರಶ್ನೆ ಯಗಟಿಯಿಂದ ಮೈಸೂರಿನವರೆಗೆ ಪ್ರತಿ ಆಸ್ಪತ್ರೆಯಲ್ಲಿ ಕೇಳಿಬಂದರೆ, ಡೊಳ್ಳಿನವರ ಬೆನ್ನಿಗೆ ಅಲ್ಲಿಂದಲೇ ಚಿಕಿತ್ಸೆ ಶುರುವಾಗುತ್ತದೆ.